ವೇಲ್ಸ್ ಶಾಲೆಯ ಹಲಗೆ

ದಕ್ಷಿಣ ಕ್ಯಾರೊಲಿನಾದ ಹೆದ್ದಾರಿ ಪಕ್ಕದ ಈ ಹಳೆ ಸಾಮಾನಿನ ಅಂಗಡಿಗೆ ಗೆಳತಿ ಶಾಹೀನಾ ನಾವಿರುವ ಜಾನ್ಸ್ ಕ್ರೀಕ್ ಊರಿನಿಂದ ನನ್ನನ್ನು ಎಳೆದು ತಂದಿದ್ದಾಳೆ. ಮೈಸೂರಿನವಳು, ಅಪ್ಪ ವೇಲ್ಸ್‌ನಲ್ಲಿ ಡಾಕ್ಟರಾಗಿದ್ದಾಗ ಅಲ್ಲಿನ ಖಾಸಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದಳು. ಕೋವಿಡ್ ಕಾಲದಲ್ಲಿ ಆ ಶಾಲೆ ಮುಚ್ಚಿತು. ಅದರ ವಿದ್ಯಾರ್ಥಿ ನಾಯಕಿಯರ, ಅಂದರೆ ಹೆಡ್ ಗರ್ಲ್‌ಗಳ, ಹೆಸರಿನ ಮರದ ಹಲಗೆ ಹರಾಜಾಗಿ ಇಲ್ಲಿಗೆ ಬಂದು ಮಾರಾಟಕ್ಕಿದೆ.

ಎಲ್ಲವೂ ಚಿನ್ನದ ಅಕ್ಷರ. ನಮ್ಮ ಕಡೆಯ ಹೆಸರು ಒಂದೂ ಇಲ್ಲ.

"ಕ್ಲಾಸಿಗೆ ನಾನೇ ಫಸ್ಟ್ ಬರ್ತಿದ್ದೆ ಕಣೇ. ಆದ್ರೂ ಹೆಡ್ ಗರ್ಲ್ ಮಾಡ್ಲಿಲ್ಲ. ಬೇರೆ ಪೇರೆಂಟ್ಸ್ ಕಂಪ್ಲೇಂಟ್ ಮಾಡ್ತಾರೆ ಅಂದ್ರು."

ಅಂಗಡಿಯಾಕೆ ಹಲಗೆಯ ಕೆಳಗಿನ ಖಾಲಿ ಜಾಗ ತೋರಿಸಿದಳು. ಬೇಕಾದ ಹೆಸರನ್ನು ಅದೇ ಬಣ್ಣದಲ್ಲಿ ಬರೆಸಿಕೊಡುತ್ತಾಳಂತೆ. ಇಂಥದ್ದೇ ಇನ್ನೊಂದು ಹಲಗೆ ಕೊಂಡವರು ತಮ್ಮ ನಾಯಿಯ ಹೆಸರು ಬರೆಸಿಕೊಂಡರಂತೆ.

ಶಾಹೀನಾ ಕಾರಿನ ಕೀ ತೆಗೆದಳು.

"ನಾಯಿಗಾದ್ರೆ ಯಾವ ಪೇರೆಂಟ್ಸೂ ಕಂಪ್ಲೇಂಟ್ ಮಾಡ್ತಿರ್ಲಿಲ್ಲ. ನಡಿಯೇ."