ಕಣದ ಚಿತ್ರಕ್ಕೆ ಕೇಳಿದ ಕೊಸರು

ಎಣ್ಣೆ ಬಣ್ಣದ ಚಿತ್ರ ಕೊಳ್ಳುವವರಿಗೆ ನನ್ನದೊಂದು ಕಿವಿಮಾತು: ಬಣ್ಣ ಹಸಿಯಾಗಿರುವಾಗಲೇ ವ್ಯಾಪಾರ ಕುದುರಿಸಿ. ಒಣಗಿದ ಮೇಲೆ ಕೊಸರು ಸಿಗುವುದಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದುಡಿದು ಸ್ವಂತ ಮನೆ ಕಟ್ಟಿದೆ. ನಡುಮನೆಯ ಗೋಡೆಗೆ ಅಪ್ಪನ ಪಟ ಬೇಕೆಂಬುದು ಅಮ್ಮನ ಆಸೆ. ಅಪ್ಪನೋ, ಒಂದು ಫೋಟೋ ಸಹ ತೆಗೆಸಿಕೊಳ್ಳದೆ ಹೋಗಿಬಿಟ್ಟಿದ್ದರು. ಇದ್ದಷ್ಟು ದಿನವೂ ರಾಗಿ ಬೆಳೆದವರು. ಕೋಲಾರದ ಡ್ರಾಯಿಂಗ್ ಮೇಷ್ಟ್ರೊಬ್ಬರು ರಾಗಿ ಕಣದ ಚಿತ್ರ ಬರೆಯುತ್ತಿದ್ದಾರೆಂದು ಕೇಳಿ ಬಸ್ಸು ಹತ್ತಿದೆ.

ಸರಕು ಚೆನ್ನಾಗಿತ್ತು. ಹುಲ್ಲಿನ ಮೆದೆಗೆ ಬಣ್ಣವನ್ನು ಬೆರಳಿಟ್ಟರೆ ಹೂತುಹೋಗುವಷ್ಟು ದಪ್ಪಗೆ ಮೆತ್ತಿದ್ದರು. ಗಾಳಿಗೆ ಮಾತ್ರ ಒಣ ಕುಂಚದ ಓರೆ ಗೀಟುಗಳು. ಕಣದ ಧೂಳೆಲ್ಲ ಬಲಕ್ಕೆ ಹಾರುತ್ತಿತ್ತು. ಎಡಕ್ಕೊಂದು ದಾರಿ. ನಡುವೆ ಒಬ್ಬ, ನಮಗೆ ಬೆನ್ನು ಮಾಡಿ, ರಾಗಿ ತೂರಲು ಮೊರ ಎತ್ತಿದ್ದ.

ಬೆಲೆ ಕುದುರಿತು. "ಸಾರ್, ಕೊಸರು?" ಅಂದೆ.

"ಇದೇನಯ್ಯಾ, ಬದನೇಕಾಯಾ, ಮೇಲೊಂದು ಹಾಕೋಕೆ?"

"ಬೇರೇನೂ ಬೇಡ ಸಾರ್. ಇವನು ನಮ್ಮಪ್ಪ ಆಗ್ಬೇಕು."

ಮುಖ ಹೇಗಿತ್ತೆಂದು ಕೇಳಿದರು. ಮೂಗು, ಮೀಸೆ ಎಲ್ಲ ವರ್ಣಿಸಿದೆ. ನನ್ನ ಮಾತಿಗೆ ಊರಲ್ಲಿ ಯಾರ ಮುಖ ಬೇಕಾದರೂ ಹೊಂದುತ್ತಿತ್ತು.

"ಮುಖ ಬಿಡು. ತೂರೋವಾಗ ಏನ್ ಮಾಡೋರು?"

"ಮಾತು ಸಾರ್! ಗಾಳಿ ಬಂದ್ರೂ ದಾರೀಲಿ ಹೋಗೋರನ್ನ ಮಾತಾಡಿಸ್ತಾ ನಿಂತ್ಬಿಡೋರು. ಅಮ್ಮ ಬಯ್ಯೋಳು."

ಮೇಷ್ಟ್ರು ನಕ್ಕು, ಚಾಕುವಿನಿಂದ ಹಸಿ ಬಣ್ಣ ಕೆರೆದರು. ಚಪ್ಪಟೆ ಕುಂಚದಲ್ಲಿ ಕತ್ತನ್ನು ದಾರಿಯ ಕಡೆ ತಿರುಗಿಸಿದರು. ಮೊರವನ್ನು ಸೊಂಟಕ್ಕೆ ಇಳಿಸಿ, ಅದರ ತುಂಬ ರಾಗಿ ಹಾಗೇ ಬಿಟ್ಟರು. ಕೆನ್ನೆಗೆ ಒಂದೇ ಗೀಟು. ಕಣ್ಣಿಲ್ಲ, ಮೂಗಿಲ್ಲ. ಇಷ್ಟೇನಾ ಎನಿಸಿತು, ಆದರೂ ಒಣಗಿದ ಮೇಲೆ ಹೋಗಿ ತಂದೆ.

ಗೋಡೆಗೆ ಏರಿಸಿದ ದಿನ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. ಚಿತ್ರದಲ್ಲಿರುವವರು ಯಾರೆಂದು ನಾನು ಹೇಳಲಿಲ್ಲ. ಸರಕು ನೋಡುವವರ ಮುಂದೆ ಬಾಯಿ ಬಿಡಬಾರದು, ಇದನ್ನೂ ನೆನಪಿಡಿ.

"ಅಬ್ಬೋ, ನೋಡ್ಲಾ ನಿಮ್ಮಪ್ಪನ್ನ!" ಅಂದಳು. "ಗಾಳಿ ಹಿಂಗ್ ಬೀಸ್ತಾ ಐತೆ, ಮೊರದ್ ತುಂಬ ರಾಗಿ ಇಟ್ಕೊಂಡು ಯಾರ್ ಜೊತೇನೋ ಮಾತಿಗ್ ನಿಂತವ್ರೆ!"

ನಾನು ತಂದಿದ್ದ ಹೂವಿನ ಹಾರ ಹಾಕಲು ಮೊಳೆ ಹೊಡೆಯಹೋದೆ. ಅಮ್ಮ ಸುತ್ತಿಗೆ ಕಿತ್ತುಕೊಂಡಳು.

"ಮೊದ್ಲು ಆ ರಾಗಿ ತೂರಿ ಮುಗಿಸ್ಲಿ ಕಣ್ಲಾ. ಹಾರ ಆಮೇಲೆ."