ಕಾಯುವ ಕಿವಿ

ಕಿವಿ ಮೇಷ್ಟ್ರ ಎರಡೂ ಕಿವಿಯೊಳಗಿಂದ ಬಿಳಿ ಕೂದಲು ಕುಚ್ಚುಕುಚ್ಚಾಗಿ ಹೊರಗೆ ಬಂದಿತ್ತು. ಊರವರ ಕಿವಿಯನ್ನೆಲ್ಲ ಪರೀಕ್ಷೆ ಮಾಡುವ ಮನುಷ್ಯ ತನ್ನ ಕಿವಿಯನ್ನೇ ಹೀಗೆ ಕಾಡು ಬೆಳೆಯಲು ಬಿಟ್ಟಿದ್ದಾನಲ್ಲ, ಇವನನ್ನು ನಂಬುವುದು ಹೇಗೆ ಎಂಬುದೇ ನನಗೆ ಬಂದ ಮೊದಲ ಯೋಚನೆ.

ಯಾರನ್ನೂ ಒಂದೇ ಸಲಕ್ಕೆ ನಂಬುವ ಅಭ್ಯಾಸ ನನಗಿಲ್ಲ. ಶಾಂತಿಗ್ರಾಮದಲ್ಲಿ ನಾನೂ ನನ್ನ ತಂಗಿಯೂ ಸೇರಿ ಹಿಟ್ಟಿನ ಗಿರಣಿ ನಡೆಸುತ್ತೇವೆ. ರಾಗಿ ಮಿಷನ್ನು ನನ್ನದು, ಖಾರದ ಪುಡಿಯದು ಅವಳದು. ವರ್ಷಗಟ್ಟಲೆ ಆ ಸದ್ದಿನಲ್ಲೇ ನಿಂತು ನನ್ನ ಕಿವಿ ಮಂದವಾಯಿತು. ಸಾಲದ್ದಕ್ಕೆ ಒಳಗೆ ಜೀರುಂಡೆ ಕೂತಂತೆ ಹಗಲೂ ರಾತ್ರಿ ಒಂದು ಕೊರೆತ. ಆಮೇಲೆ ಶುರುವಾದದ್ದು ತಂಗಿಯ ಮೇಲಿನ ಗುಮಾನಿ. ಅವಳು ಬಾಗಿಲ ಹತ್ತಿರ ನಿಂತಾಗ ತುಟಿ ಆಡುವುದು ಕಾಣುತ್ತಿತ್ತು. 'ಕಿವುಡಿ' ಎನ್ನುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇವಳ ಜೊತೆ ಇನ್ನು ಆಗುವುದಿಲ್ಲ, ಗಿರಣಿ ಭಾಗ ಮಾಡಿಸಿಬಿಡುವುದೇ ಸರಿ ಎಂದು ಚನ್ನರಾಯಪಟ್ಟಣದ ವಕೀಲರೊಬ್ಬರ ಹತ್ತಿರ ಗುಟ್ಟಾಗಿ ಮಾತಾಡಿಯೂ ಬಂದಿದ್ದೆ.

ಅಷ್ಟರಲ್ಲಿ ಅವಳೇ, "ಅಕ್ಕ, ಒಂದ್ ದಪ ಆಸನಕ್ಕೋಗಿ ಕಿವಿ ತೋರಿಸ್ಕಂಡು ಬಾ" ಎಂದು ಹಿಂದೆ ಬಿದ್ದಳು. ಕಿವುಡಿ ಎಂದು ಡಾಕ್ಟರ ಬಾಯಲ್ಲೇ ಹೇಳಿಸಿ ನನ್ನನ್ನು ಮೂಲೆಗೆ ಕೂರಿಸುವ ಉಪಾಯ ಎಂದುಕೊಂಡೆ. ಅದೇನು ಹೇಳುತ್ತಾರೋ ನಾನೇ ಮೊದಲು ತಿಳಿದುಕೊಳ್ಳೋಣ ಅಂತ ಬಸ್ಸು ಹತ್ತಿದೆ.

ಹಾಸನದಲ್ಲಿ ಎಲ್ಲರೂ ಅವರನ್ನು ಕಿವಿ ಮೇಷ್ಟ್ರು ಎನ್ನುತ್ತಿದ್ದರು. ಡಾಕ್ಟರ ಷಾಪಿನಲ್ಲಿ ಕಿವಿ ಪರೀಕ್ಷೆಯ ಯಂತ್ರ ನೋಡಿಕೊಳ್ಳುವುದು ಅವರ ಕೆಲಸ. ದಿನಾ ಹೊಳೆನರಸೀಪುರದಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ನಾನು ಹೋದದ್ದು ಮಧ್ಯಾಹ್ನ. ಹೊರಗಿನ ಸದ್ದು ಬರದ ಹಾಗೆ ಗೋಡೆಗೆಲ್ಲ ಮೆತ್ತೆ ಹೊಡೆದ ಪುಟ್ಟ ಕೋಣೆ, ಅದಕ್ಕೊಂದು ಗಾಜಿನ ಕಿಟಕಿ. ಒಳಗೆ ಅವರೇ ಕಣ್ಣು ಮುಚ್ಚಿ ನೆಟ್ಟಗೆ ಕೂತಿದ್ದರು. ಚೀಟಿ ಬರೆಯುವ ಹೆಂಗಸು, "ಧ್ಯಾನ ಮಾಡ್ತಾವ್ರೆ, ಕೂತ್ಕಳಿ" ಎಂದಳು. ಉಂಡು ನಿದ್ದೆ ಹೊಡೆಯುವುದಕ್ಕೆ ಎಂಥ ಒಳ್ಳೆ ಹೆಸರು. ಅವರು ಹೊರಗೆ ಬಂದ ಮೇಲೆ ಕೇಳಿಯೇಬಿಟ್ಟೆ.

"ನಿದ್ದೆನಾ ಸಾ?"

ಮಾತಿಗೆ ಮುಂಚೆ ಕಿವಿಯ ಹಾಲೆ ಎಳೆದುಕೊಳ್ಳುವುದು ಅವರ ಅಭ್ಯಾಸ. ಎಳೆದುಕೊಂಡು, "ಎಷ್ಟೋ ಸಲ ನಿದ್ದೆನೇ. ನಂಗೂ ಅನುಮಾನ. ಅದಕ್ಕೇ ದಿನಾ ಕೂತು ನೋಡ್ತೀನಿ" ಎಂದರು.

ಅರಕಲಗೂಡಿನ ನಮ್ಮ ನೆಂಟರೊಬ್ಬರು ಯಾವುದೋ ಶಿಬಿರಕ್ಕೆ ಹೋಗಿಬಂದು, ನನ್ನ ಕಿವಿಯೊಳಗಿನ ಸದ್ದು ಓಂಕಾರ, ಪುಣ್ಯವಂತರಿಗೆ ಮಾತ್ರ ಕೇಳುವಂಥದ್ದು ಎಂದಿದ್ದರು. ಇವರನ್ನೂ ಪರೀಕ್ಷೆ ಮಾಡೋಣವೆಂದು ಅದನ್ನೂ ಹೇಳಿದೆ.

"ಹಂಗಾದ್ರೆ ನಮ್ಮ ಬಸ್ ಡ್ರೈವರುಗಳೆಲ್ಲ ಪುಣ್ಯವಂತ್ರೇ," ಎಂದು ನಕ್ಕರು. "ಒಳಕಿವಿ ಸವೆದದೆ ಕಣಮ್ಮ. ಅಲ್ಲಿಂದ ಸುದ್ದಿ ಬರೋದು ಕಮ್ಮಿಯಾದ್ರೆ ಮಿದುಳು ತಾನೇ ಒಂದು ಸದ್ದು ಹುಟ್ಟಿಸ್ಕೊಳ್ತದೆ."

ನನ್ನನ್ನು ಆ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು, ಒತ್ತಿದರೆ ಹೊರಗೆ ಅವರ ಮುಂದೆ ದೀಪ ಹತ್ತುತ್ತದೆ. ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ. ಹೊರಗೆ ಬಂದಾಗ ಅವರು ಹೇಳಿದ್ದು ಇಷ್ಟು:

"ಕೊನೇಲಿ ನಾನು ಏನೂ ಕಳಿಸ್ಲಿಲ್ಲ. ಸುಮ್ನೆ ಕೂತಿದ್ದೆ. ಆದ್ರೂ ನೀವು ಒತ್ತಿದ್ರಿ."

"ಕೇಳುಸ್ತು ಸಾ."

"ಕೇಳಿಸಿದ್ದು ದಿಟ. ನಾನು ಕಳಿಸ್ದೆ ಇದ್ದದ್ದೂ ದಿಟ."

ನನಗೆ ಪಿತ್ತ ನೆತ್ತಿಗೇರಿತು. ಕಿವುಡರು ಹಾಕಿಕೊಳ್ಳುವ ಕಿವಿಯ ಮಿಷನ್ನು ಮಾರುವುದಕ್ಕೆ ಈ ನಾಟಕ, ಇದರಲ್ಲಿ ತಂಗಿಯ ಕೈವಾಡವೂ ಇರಬಹುದು ಎನ್ನಿಸಿತು. "ನೀವು ಒಳಗೆ ಕೂತ್ಕಳಿ ಸಾ, ನಾನು ವರಗೆ ಕೂತ್ಕತೀನಿ" ಎಂದೆ. ಬೇರೆ ಯಾರಾದರೂ ಆಗಿದ್ದರೆ ಬೈದು ಕಳಿಸುತ್ತಿದ್ದರು. ಇವರು ಸುಮ್ಮನೆ ಎದ್ದುಹೋಗಿ, ಯಂತ್ರ ಹಾಕಿಕೊಂಡು, ಗುಂಡಿ ಹಿಡಿದು ಕೂತರು.

ನಾನು ಯಾವುದನ್ನೂ ಮುಟ್ಟಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಗಾಜಿನಲ್ಲಿ ಅವರನ್ನೇ ನೋಡುತ್ತಿದ್ದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವರ ಹೆಬ್ಬೆರಳು ಆಡಿತು. ನನ್ನ ಮುಂದಿನ ದೀಪ ಹತ್ತಿತು.

ಹೊರಗೆ ಬಂದು ನನ್ನ ಮುಖ ನೋಡಿದವರೇ ಜೋರಾಗಿ ನಕ್ಕರು. "ಕಳಿಸ್ಲಿಲ್ವಾ? ನಂಗೆ ಕೇಳಿಸ್ತು ಕಣಮ್ಮ." ಕಿವಿಯ ಹಾಲೆ ಎಳೆದುಕೊಂಡರು. "ಒತ್ತಿದ ಮೇಲೆ ಗೊತ್ತಾಯ್ತು. ಕೇಳ್ತಾ ಇರ್ಲಿಲ್ಲ ನಾನು. ಕಾಯ್ತಾ ಇದ್ದೆ."

ಬಾಗಿಲ ಹತ್ತಿರ ತಂಗಿ ನಿಂತಾಗಲೆಲ್ಲ ನಾನು ಮಾಡುತ್ತಿದ್ದದ್ದು ಅದನ್ನೇ.

ಮಿಷನ್ನು ಬೇಕು ಎಂದೇ ಅವರು ಹೇಳಿದರು. ಜೊತೆಗೆ ದಿನಕ್ಕೊಂದಿಷ್ಟು ಹೊತ್ತು ಸುಮ್ಮನೆ ಕೂತು, ಬಂದ ಸದ್ದು ಯಾವುದು, ಅದಕ್ಕೆ ನಾನು ಸೇರಿಸಿದ್ದು ಯಾವುದು ಎಂದು ನೋಡಬೇಕಂತೆ. "ಬರೀ ಕಣ್ಮುಚ್ಚಿ ಕೂತ್ರೆ ಸವೆದ ಕಿವಿ ವಾಪಸ್ ಬರಲ್ಲ. ಬರೀ ಮಿಷನ್ ಹಾಕ್ಕೊಂಡ್ರೆ ನಿಮ್ ಗುಮಾನಿ ಇನ್ನೂ ಜೋರಾಗಿ ಕೇಳಿಸ್ತದೆ. ಯಂತ್ರ ಕಿವಿ ಅಳೀತದೆ, ಒಳಗೆ ಕೂತು ಅರ್ಥ ಹೇಳ್ತಾನಲ್ಲ, ಅವನನ್ನ ನೀವೇ ನೋಡ್ಕೋಬೇಕು."

ಅದನ್ನೂ ನಾನು ಪೂರ್ತಿ ನಂಬಲಿಲ್ಲ. ಆದರೂ ಮಧ್ಯಾಹ್ನ ಮೋಟಾರು ನಿಲ್ಲಿಸಿದ ಮೇಲೆ, ಯಾರಾದರೂ ಕಂಡು ನಕ್ಕಾರೆಂದು, ರಾಗಿ ಮೂಟೆಗಳ ಹಿಂದೆ ಕೂರತೊಡಗಿದೆ. ಜೀರುಂಡೆ ಹೋಗಲಿಲ್ಲ. ಇದು ಜೀರುಂಡೆ, ಇದು ಅದರ ಮೇಲಿನ ನನ್ನ ಸಿಟ್ಟು ಎಂದು ಬೇರೆಬೇರೆಯಾಗಿ ಕಾಣತೊಡಗಿತು. ಒಂದು ದಿನ ಹಾಗೆ ಕೂತಿದ್ದಾಗ ಬಾಗಿಲ ಹತ್ತಿರ ತಂಗಿಯ ತುಟಿ ಆಡಿತು. 'ಕಿವುಡಿ' ಎಂದು ಕೇಳಿಸಿತು. ಅದಕ್ಕಿಂತ ಸ್ವಲ್ಪ ಮುಂಚೆಯೇ ನನ್ನ ಮೈ ಬಿಗಿದುಕೊಂಡು ಆ ಮಾತಿಗೆ ಸಿದ್ಧವಾಗಿತ್ತು, ಅದು ಆವತ್ತು ನನಗೆ ಗೊತ್ತಾಯಿತು. ಎದ್ದುಹೋದೆ.

"ಏನಂದೆ?"

"ಯಾರಿಗೆ? ಇಲ್ಲಿ ಯಾರವ್ರೆ?"

"ಮತ್ತೆ ಬಾಯಿ ಆಡ್ತಿತ್ತಲ್ಲ?"

"ಎಲೆ ಅಡಿಕೆ ಕಣಕ್ಕ."

"ಎಲ್ಲಿ, ಬಾಯಿ ತಗಿ."

ಪಾಪ, ತೆಗೆದಳು. ಕೆಂಪಗಿತ್ತು. ನಂಬಿದೆನೇ ಎಂದರೆ, ಅರ್ಧ ನಂಬಿದೆ. ಆದರೆ ವಕೀಲರ ಹತ್ತಿರ ಮತ್ತೆ ಹೋಗಲಿಲ್ಲ. ನನ್ನ ಒಬ್ಬಳೇ ತಂಗಿ ನನಗೆ ಉಳಿದದ್ದು ಕಿವಿ ಮೇಷ್ಟ್ರಿಂದ.

ಆಮೇಲೂ ಆಗಾಗ ಹಾಸನಕ್ಕೆ ಹೋಗಿ, ಹುರಿಹಿಟ್ಟು ಕೊಟ್ಟು, ಜಗಳ ಆಡಿಕೊಂಡು ಬರುತ್ತಿದ್ದೆ. "ಈಗಲಾದ್ರೂ ನಂಬಿಕೆ ಬಂತಾ?" ಎಂದರೆ "ಇಲ್ಲ ಸಾ" ಎನ್ನುತ್ತಿದ್ದೆ. "ಒಳ್ಳೇದು, ನನ್ನ ಮೇಲೂ ಇರ್ಲಿ ಅನುಮಾನ, ನಿಮ್ಮ ಮೇಲೂ ಇರ್ಲಿ" ಎನ್ನುತ್ತಿದ್ದರು.

ಹೀಗಿರುವಾಗ ಒಂದು ದಿನ ಗಿರಣಿ ತುಂಬ ಗಿರಾಕಿಗಳಿದ್ದರು. ತಂಗಿಯ ಫೋನಿಗೆ ಡಾಕ್ಟರ ಷಾಪಿನ ಆ ಚೀಟಿ ಬರೆಯುವ ಹೆಂಗಸು ಕರೆ ಮಾಡಿದ್ದಳು. ತಂಗಿ ಎರಡೂ ಮೋಟಾರು ನಿಲ್ಲಿಸಿದಳು. ಹೊರಗೆ ಹೋಗಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದಳು. ನನ್ನ ಎದುರಿಗೆ ನಿಂತು, ನನ್ನ ಎರಡೂ ಕೈ ಹಿಡಿದುಕೊಂಡು, "ಅಕ್ಕ, ಕಿವಿ ಮೇಷ್ಟ್ರು ರಾತ್ರಿ ತೀರ್ಕಂಡ್ರಂತೆ" ಎಂದಳು.

ಇದು ಕೇಳಿದ್ದೋ ಕಾದದ್ದೋ ಎಂದು ಹುಡುಕಿಕೊಂಡೆ. ಯಾರೂ ಏನೂ ಕಳಿಸಿರಲಿಲ್ಲ, ನಾನೇ ಗುಂಡಿ ಒತ್ತಿದೆ ಅಂತಾಗಲಿ ಎಂದು ಆಸೆಪಟ್ಟೆ. ಬರುವ ಸೋಮವಾರ ಹೋಗಿ ಬೈದು ಬರಬೇಕೆಂದು ಹುರಿಹಿಟ್ಟು ಬೀಸಿಟ್ಟಿದ್ದೆ. ಇಂಥ ಮಾತಿಗೆ ನಾನು ಕಾದಿರಲಿಲ್ಲ. ಹಾಗಾದರೆ ಇದು ತಂಗಿಯೇ ಹೇಳಿದ್ದು. ದಿಟ.