ಒಂದು ಹಿಡಿ ಛಾಟ್

ಹೋದ ವಾರ ನಿಪ್ಪಾಣಿಯಲ್ಲಿ ನಾನು ಸೀನಿದ ಸದ್ದಿಗೆ ಒಂದು ಜಗಳವೇ ಅರೆಗಳಿಗೆ ನಿಂತುಹೋಯಿತು. ನಗಬೇಡಿ. ಮೂಗಿಗೆ ತಂಬಾಕಿನ ಪುಡಿ ಹೊಕ್ಕರೆ ನಿಮ್ಮದೂ ಇದೇ ಗತಿ.

ನಮ್ಮ ಪಕ್ಕದ ಮನೆಯ ಶೇವಂತಾ ಕಾಕು, ಅಂದರೆ ಚಿಕ್ಕಮ್ಮ, ಬೀಡಿ ಕಟ್ಟುವವರು. ಅವತ್ತು ಮಳೆ ಹನಿಯುತ್ತಿತ್ತು. ಬೀಡಿ ನೆನೆದರೆ ದುಡಿದದ್ದೆಲ್ಲ ಮಣ್ಣುಪಾಲು. "ಗಾಡಿ ಮ್ಯಾಲ ಬಿಟ್ಟ ಬಾರವಾ" ಅಂದರು. ಬುಟ್ಟಿ ಸಮೇತ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬೀಡಿ ಕಾರ್ಖಾನೆಗೆ ಹೋದೆ. (ನನ್ನ ಸ್ಕೂಟಿಯ ಬ್ರೇಕು ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಇಲ್ಲ. ಕಾಕು ದಾರಿಯುದ್ದಕ್ಕೂ ಪಾಂಡುರಂಗನನ್ನು ಕರೆಯುತ್ತಿದ್ದರು.)

ಅಲ್ಲಿ ಹೆಂಗಸರ ಸಾಲು. ಎದುರಿಗೆ ಚೆಕರ್. ಬೀಡಿಗಳ ಮೇಲೆ ಕೈಯಾಡಿಸುತ್ತಾನೆ, ಒಂದು ಹಿಡಿ ಎತ್ತಿ ಪಕ್ಕದ ಡಬ್ಬಕ್ಕೆ ಒಗೆಯುತ್ತಾನೆ. "ಛಾಟ್!" ಅಂದರೆ ಕೆಟ್ಟ ಬೀಡಿ, ಕೂಲಿ ಇಲ್ಲ. ಸರಿ, ಕೆಟ್ಟದ್ದನ್ನು ಕಟ್ಟಿದವಳಿಗೆ ವಾಪಸ್ ಕೊಡುತ್ತಾನಾ? ಎಲ್ಲಿಯದು! ಸಂಜೆಗೆ ಅದು ಒಳ್ಳೆಯ ಬೀಡಿಗಳ ಜೊತೆ ಕೂಡಿಕೊಂಡು ಪೇಟೆಗೆ ಹೋಗುತ್ತದೆ. ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ, ಯಾಕೆಂದರೆ ಮರುದಿನ ಬೀಡಿ ಕಟ್ಟಲು ಎಲೆ, ತಂಬಾಕು ಕೊಡುವವನೂ ಅವನೇ.

ಕಾಕುವಿನ ಸರದಿ ಬಂತು. ಒಂದು ಹಿಡಿ ಡಬ್ಬಕ್ಕೆ ಬಿತ್ತು. ಅವನು ಮತ್ತೊಂದಕ್ಕೆ ಕೈ ಹಾಕಿದ.

"ಛಾಟ್ ಅಂದ್ರ ಕೆಟ್ಟಾವ, ಹೌದಲ್ರಿ?" ಕಾಕು ಕೇಳಿದರು.

"ಹೌದು. ಯಾಕ?"

ಕಾಕು ಡಬ್ಬದಿಂದ ತಮ್ಮ ಬೀಡಿ ಎತ್ತಿಕೊಂಡು ಕಚಕಚ ಮುರಿದರು. ಅಂಗೈಯಲ್ಲಿ ತಿಕ್ಕಿ ತೂರಿಯೇಬಿಟ್ಟರು.

"ಏ ಬಾಯಿ! ಮಾಲ್ ಯಾಕ ಹಾಳ ಮಾಡಾಕತ್ತಿ?" ಚೆಕರ್ ಎದ್ದುನಿಂತ.

ನಾನು ಸೀನಿದ್ದು ಇಲ್ಲೇ. ಅವನು ತೆರೆದ ಬಾಯಿ ತೆರೆದುಕೊಂಡೇ ನಿಂತ.

"ಕೆಟ್ಟಾವ ಅಂದವ್ರು ನೀವ. ಕೆಟ್ಟದ್ದು ಹಾಳಾದ್ರ ನಿಮಗ್ಯಾಕ್ರಿ ಹೊಟ್ಟಿ ಉರೀತೈತಿ?" ಅಂದರು ಕಾಕು.

"ನಾಳಿಂದ ನಿನಗ ಎಲಿ ಇಲ್ಲ. ನಡಿ!"

ಕಾಕುವಿನ ಮನೆಯ ಒಲೆ ಉರಿಯುವುದೇ ಆ ಎಲೆಯಿಂದ. ಅವರ ಮುಖ ಬಿಳಿಚಿಕೊಂಡಿತ್ತು. ಆದರೆ ಜಾಗ ಬಿಟ್ಟು ಕದಲಲಿಲ್ಲ.

ಆಗ, ಕಾಕುವಿಗಿಂತ ಮೊದಲೇ ಬೀಡಿ ಒಪ್ಪಿಸಿ ಪಕ್ಕಕ್ಕೆ ನಿಂತಿದ್ದ ಮಾಲನ್ ಎಂಬಾಕೆ ಮುಂದೆ ಬಂದಳು. ತನ್ನ ಛಾಟ್ ಎತ್ತಿಕೊಂಡಳು. ಕಚಕ್! "ಅಕಿಗಿಲ್ಲಂದ್ರ ನನಗೂ ಬ್ಯಾಡ." ಆಮೇಲೆ ಇನ್ನೊಬ್ಬಳು. ಆಮೇಲೆ ಬೀಡಿ ಒಪ್ಪಿಸಿದವರ ಸಾಲಿಗೆ ಸಾಲೇ. "ಚಲಾ ಗ, ಮೋಡಾ!" ಅಂತ ಒಬ್ಬಳು ಮರಾಠಿಯಲ್ಲಿ ಹುರಿದುಂಬಿಸಿದಳು, ಮುರೀರಿ ಅಂತ. ಧೂಳು, ಕೆಮ್ಮು, ನಗು. ಅಯ್ಯೋ, ಎಷ್ಟು ಖುಷಿಯಾಯಿತು ನನಗೆ!

ಮರುದಿನ ಯಾರೂ ಎಲೆ ಮುಟ್ಟಲಿಲ್ಲ. ಖಾಲಿ ಬುಟ್ಟಿ ಬೋರಲು ಹಾಕಿ ಕಾರ್ಖಾನೆಯ ಬಾಗಿಲಲ್ಲಿ ಕೂತರು. ಮಧ್ಯಾಹ್ನಕ್ಕೆ ಮ್ಯಾನೇಜರರೇ ಹೊರಗೆ ಬಂದರು. "ಆತ್ರವಾ, ಛಾಟ್ ಆದದ್ದನ್ನ ಇನ್ನ ನಿಮ್ಮ ಮುಂದನ ಮುರೀತೀವಿ. ಒಳಗ ಬರ್ರಿ." ಎಲ್ಲರಿಗೂ ಎಲೆ ಸಿಕ್ಕಿತು, ಕಾಕುವಿಗೆ ಎಲ್ಲರಿಗಿಂತ ಮೊದಲು.

ಕಾಲೇಜಿನಲ್ಲಿ ಕೆಂಪು ರಟ್ಟಿನ ಪುಸ್ತಕ ಹಿಡಿದು, ಚಹಾದಂಗಡಿಯಲ್ಲಿ 'ಹೆಚ್ಚುವರಿ ಮೌಲ್ಯ' ಅಂತ ಗಂಟಲು ಹರಿದುಕೊಂಡವಳು ನಾನು. ದುಡಿದವರ ಕೈಯದು ಯಾರ ಡಬ್ಬಕ್ಕೆ ಬೀಳುತ್ತದೆ ಅನ್ನುವುದೇ ಅದರ ಸಾರ. ಕೆಂಪು ಬಾವುಟದ ಕಾಲ ಮುಗಿಯಿತು ಅನ್ನುತ್ತಾರೆ ಟೀವಿಯ ಪಂಡಿತರು. ಮುಗಿಯಿತಾ? ಡಬ್ಬ ಇನ್ನೂ ಅಲ್ಲೇ ಇದೆಯಲ್ಲ ಸ್ವಾಮಿ!

ಅಂದಹಾಗೆ, ಈ ವಾರ ಕಾಕುವಿನ ಬುಟ್ಟಿಯಲ್ಲಿ ಹುಡುಕಿದರೂ ಛಾಟ್ ಸಿಗುತ್ತಿಲ್ಲವಂತೆ. ಅದೇ ಕೈ, ಅದೇ ಎಲೆ, ಅದೇ ತಂಬಾಕು.

ಒಂದೇ ವಾರದಲ್ಲಿ ಕಾಕು ಇಷ್ಟು ಚೆಂದ ಬೀಡಿ ಕಟ್ಟಲು ಕಲಿತದ್ದು ಹೇಗೆ, ಹೇಳಿ ನೋಡೋಣ?